ರೇಸಿಂಗ್ ಗೇಮ್, ರಮಝಾನಿನ ರಾತ್ರಿ ಮತ್ತು ಸ್ಕೂಟರ್ ಕೀ

ಕಳೆದ ರಮಝಾನಿನ ಕೊನೆಯ ಹತ್ತು ದಿನಗಳಿಗೆಂದು ನನ್ನ ಅಕ್ಕನ ಮಗ ಶಿವಮೊಗ್ಗದಿಂದ ನಮ್ಮ ಮನೆಗೆ ಬಂದ. ವಯಸ್ಸು ಹದಿನೈದು, ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದಿತ್ತು. ಬಟ್ಟೆ ಚೀಲವನ್ನು ಬಸ್ಸಿನಲ್ಲೇ ಮರೆತರೂ ಮರೆತಾನು, ಅವನ ಅಣ್ಣನ ಲ್ಯಾಪ್‌ಟಾಪನ್ನು ಮಾತ್ರ ಎದೆಗವಚಿಕೊಂಡೇ ಇಳಿದ. ನಮ್ಮ ಉಳವಿ ಸೊರಬ ತಾಲೂಕಿನದು. ಜೋಯಿಡಾ ಕಡೆಯ ಚೆನ್ನಬಸವಣ್ಣನ ಉಳವಿಯೆಂದು ತಿಳಿದು ದಾರಿ ತಪ್ಪಿದ ರೋಗಿಗಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿ ತರಾವೀಹ್ ಮುಗಿದು ಜನ ಮನೆ ಸೇರಿದರೆ ಸಾಗರ–ಸೊರಬ ರಸ್ತೆಯಲ್ಲಿ ಒಂದೆರಡು ಲಾರಿ ಬಿಟ್ಟರೆ ಸದ್ದಿಲ್ಲ. ಹುಡುಗರಿಗೆ ಮಾತ್ರ ಆಗಲೇ ಬೆಳಗಾಗುವುದು.

ಮೊದಲ ರಾತ್ರಿ ಅವನ ಪಕ್ಕ ಕುಳಿತು ಆಟ ನೋಡಿದೆ. ಮಕ್ಕಳು ಏನು ಆಡುತ್ತಾರೆಂದು ನೋಡದೆ ಬೈಯುವ ತಂದೆತಾಯಿಗಳನ್ನು ದವಾಖಾನೆಯಲ್ಲಿ ದಿನವೂ ಕಾಣುತ್ತೇನೆ, ನಾನು ಹಾಗಾಗಬಾರದೆಂಬ ಆಸೆ. ಆಟದ ಹೆಸರು ಬರ್ನ್‌ಔಟ್ ಪ್ಯಾರಡೈಸ್. ಇಂಗ್ಲೆಂಡಿನ ಕ್ರೈಟೀರಿಯನ್ ಎಂಬ ಸಂಸ್ಥೆ ತಯಾರಿಸಿ 2008ರಲ್ಲಿ ಹೊರಬಂದದ್ದು. 2018ರಲ್ಲಿ ಅದನ್ನೇ ತಿದ್ದಿ ಹೊಸದಾಗಿ ಬಿಟ್ಟರು. ಒಂದು ಇಡೀ ನಗರವನ್ನು ಕೈಗೆ ಕೊಡುತ್ತಾರೆ. ಯಾವ ರಸ್ತೆಗೆ ಬೇಕಾದರೂ ಹೋಗಬಹುದು, ಯಾವ ಸಿಗ್ನಲ್ ಬಳಿ ಬೇಕಾದರೂ ರೇಸ್ ಶುರುಮಾಡಬಹುದು. ಎದುರಾಳಿಯ ಕಾರನ್ನು ಗೋಡೆಗೆ ತಳ್ಳಿ ಕೆಡವಿದರೆ ಬಹುಮಾನ. ಎದುರಿನಿಂದ ವಾಹನ ಬರುವ ಬದಿಯಲ್ಲಿ ನುಗ್ಗಿದರೆ, ಕೂದಲೆಳೆಯಲ್ಲಿ ಡಿಕ್ಕಿ ತಪ್ಪಿಸಿದರೆ, ಕಾರಿಗೆ ಇನ್ನಷ್ಟು ವೇಗ ಸಿಗುತ್ತದೆ. ಗುದ್ದಿದಾಗ ದೃಶ್ಯ ನಿಧಾನವಾಗಿ, ಗಾಜು ಚೂರಾಗುವುದು, ಬಾನೆಟ್ ಮಡಚುವುದು ಒಂದೊಂದೂ ಕಾಣುತ್ತದೆ. ಕೆಲವೇ ಕ್ಷಣದಲ್ಲಿ ಕಾರು ಮತ್ತೆ ರಸ್ತೆಯಲ್ಲಿ. ಜಖಂ ಆದ ಕಾರನ್ನು ಗ್ಯಾರೇಜಿನೊಳಗೆ ಒಮ್ಮೆ ಓಡಿಸಿ ಹೊರತಂದರೆ ಹೊಸದಾಗಿರುತ್ತದೆ.

ಆಟ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅರ್ಧ ಗಂಟೆ ಹೋದದ್ದು ನನಗೂ ತಿಳಿಯಲಿಲ್ಲ. ಆದರೆ ವೈದ್ಯನ ಕಣ್ಣಿಗೆ ಒಂದು ವಿಷಯ ಬಿತ್ತು. “ಡ್ರೈವರ್ ಎಲ್ಲೋ?” ಎಂದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, “ಕಾರಿನೊಳಗೆ ಯಾರೂ ಇಲ್ಲ ಮಾಮೂ” ಎಂದ. ನಿಜ, ಸೀಟುಗಳು ಖಾಲಿ. ಫುಟ್‌ಪಾತಿನಲ್ಲಿ ನಡೆಯುವವರೂ ಇಲ್ಲ. ಅಷ್ಟು ದೊಡ್ಡ ನಗರದಲ್ಲಿ ಒಂದು ದೇಹವೂ ಇಲ್ಲ, ಬರೀ ತಗಡು ಮತ್ತು ಗಾಜು. ಮಕ್ಕಳಿಗೆ ರಕ್ತ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂದುಕೊಂಡು ಮಲಗಲು ಹೋದೆ.

ಐದನೆಯ ರಾತ್ರಿ ಸುಮಾರು ಮೂರು ಗಂಟೆಗೆ, ಸಹರಿಗೆ ಇನ್ನೂ ಹೊತ್ತಿರುವಾಗ, ಬಾಗಿಲು ಬಡಿದ ಸದ್ದಾಯಿತು. ಅಳಿಯ ನಿಂತಿದ್ದ, ಮೊಣಕೈ ತರಚಿತ್ತು. ಅವನ ಹಿಂದೆ ಪಕ್ಕದ ಬೀದಿಯ ಹುಡುಗ, ಅದೇ ವಯಸ್ಸಿನವನು, ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ನನ್ನ ಸ್ಕೂಟರ್ ತೆಗೆದುಕೊಂಡು ಸಾಗರ ರಸ್ತೆಗೆ ಹೋಗಿದ್ದಾರೆ. ತಿರುವಿನಲ್ಲಿ ಜಲ್ಲಿ ಪುಡಿಯ ಮೇಲೆ ಚಕ್ರ ಜಾರಿದೆ. ಹೆಲ್ಮೆಟ್ ಇಲ್ಲ. ಕೀ ಎಂದಿನಂತೆ ಬಾಗಿಲ ಪಕ್ಕದ ಮೊಳೆಯಲ್ಲಿತ್ತು. ಅಲ್ಲಿ ನೇತುಹಾಕಿದವನು ನಾನೇ.

ನಾನು ಮಾಡಿದ ಎರಡನೆಯ ತಪ್ಪನ್ನೂ ಹೇಳುತ್ತೇನೆ. ಹಿಂದೆ ಕುಳಿತಿದ್ದ ಹುಡುಗ ಮಾತಾಡುತ್ತಿದ್ದ, ನಡೆಯುತ್ತಿದ್ದ. ಗಾಯ ತೊಳೆದೆ, ಮೊಣಕಾಲಿಗೆ ಮರ್ಹಮ್ ಹಚ್ಚಿದೆ, ಹಾಲು ಕುಡಿಸಿದೆ. ಬೆಳಗಾಗಲಿ, ತಂದೆಗೆ ನಿಧಾನವಾಗಿ ಹೇಳೋಣ ಎಂದುಕೊಂಡೆ. ಅದರಲ್ಲಿ ವೈದ್ಯಕೀಯ ಏನೂ ಇರಲಿಲ್ಲ, ಮುಜುಗರ ಮಾತ್ರ ಇತ್ತು. ಅರ್ಧ ಗಂಟೆಯಲ್ಲಿ ಅವನು ವಾಂತಿ ಮಾಡಿಕೊಂಡ. ಆಮೇಲೆ “ನಾವು ಎಲ್ಲಿಗೆ ಹೋಗಿದ್ವಿ?” ಎಂದು ಕೇಳಿದ. ಉತ್ತರ ಹೇಳಿದೆ. ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ಕೇಳುವಾಗ ನಾನು 108ಕ್ಕೆ ಫೋನ್ ಮಾಡುತ್ತಿದ್ದೆ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಯ ಒಳಗೆ ತೆಳುವಾಗಿ ರಕ್ತ ಸೋರಿರುವುದು ಕಂಡಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆರು ದಿನ ಆಸ್ಪತ್ರೆಯಲ್ಲಿದ್ದ, ಈದ್ ಅಲ್ಲೇ ಆಯಿತು.

ತಲೆಗೆ ಪೆಟ್ಟು ಬಿದ್ದ ಮಗು ಎದ್ದು ಓಡಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬೇಡಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಂಪರು, ಕೇಳಿದ್ದನ್ನೇ ಕೇಳುವುದು, ತೊದಲು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ, ಎರಡು ಕಣ್ಣಿನ ಪಾಪೆಗಳು ಬೇರೆ ಬೇರೆ ಗಾತ್ರದಲ್ಲಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ. ಹಕೀಮರ ಮನೆ ಹತ್ತಿರವಿದೆಯೆಂದು ಹಕೀಮರ ಮನೆಗಲ್ಲ.

“ಎಲ್ಲ ಆ ಗೇಮಿನಿಂದ” ಎಂದು ಅಕ್ಕ ಫೋನಿನಲ್ಲಿ ಅತ್ತಳು. ಹಾಗೆಂದುಬಿಟ್ಟರೆ ನನಗೂ ಹಗುರವಾಗುತ್ತಿತ್ತು. ಆದರೆ ಆಮೇಲೆ ಕೂತು ಯೋಚಿಸಿದಾಗ ಅಷ್ಟು ಸುಲಭವಲ್ಲ ಅನ್ನಿಸಿತು. ಜರ್ಮನಿಯ ಮನಶ್ಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೇಸಿಂಗ್ ಗೇಮ್ ಆಡಿ ಎದ್ದವರು ವಾಹನ ಓಡಿಸುವ ಸನ್ನಿವೇಶಗಳಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದ್ದು ಕಂಡುಬಂದಿದೆ. ಅದೇ ಹೊತ್ತಿಗೆ, ವೇಗದ ಆಟಗಳನ್ನು ಆಡುವವರ ಕಣ್ಣಿನ ಗಮನ ಚುರುಕಾಗುತ್ತದೆ ಎಂದು ತೋರಿಸಿದ ಅಧ್ಯಯನಗಳೂ ಇವೆ. ಆಡಿದ ಲಕ್ಷಾಂತರ ಹುಡುಗರು ಸ್ಕೂಟರ್ ಕದ್ದಿಲ್ಲ. ಈ ಪ್ರಕರಣದಲ್ಲಿ ಆಟಕ್ಕಿಂತ ದೊಡ್ಡ ಅಪರಾಧಿ ಗಡಿಯಾರ.

ಅಳಿಯ ಎದ್ದದ್ದು ಬೆಳಿಗ್ಗೆ ಎಂಟಕ್ಕೆ, ಬಿದ್ದದ್ದು ರಾತ್ರಿ ಮೂರಕ್ಕೆ. ಹತ್ತೊಂಬತ್ತು ಗಂಟೆ ಎಚ್ಚರ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಇದನ್ನೇ ಅಳೆದರು. 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವರಷ್ಟೇ ಕುಗ್ಗಿತ್ತು. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದರೇ ಕುಡಿದು ಓಡಿಸಿದ ಅಪರಾಧ. ಮದ್ಯದ ವಾಸನೆಯೂ ಸೋಕದ ಮನೆಯ ಹುಡುಗ, ರಮಝಾನಿನಲ್ಲಿ, ಕುಡಿದವನ ಕೈಯಿಂದ ಹ್ಯಾಂಡಲ್ ಹಿಡಿದಿದ್ದ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಕಲಿಸುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳುವುದು ಮತ್ತು ಹೊರಹಾಕುವುದು. ರೇಸಿಂಗ್ ಆಟ ಇದರಲ್ಲಿ ಮೂರನ್ನು ಒಟ್ಟಿಗೆ ತಿರುವುಮುರುವು ಮಾಡುತ್ತದೆ. ಮನಸ್ಸು ಓಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ದೇಹ ಕದಲುವುದಿಲ್ಲ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟವರಿಗೆ ತಲೆಗೆ ತಿಕ್ಕಲು ರೋಗನ್ ಲುಬೂಬೆ ಸಬಾ ಕೊಡುವ ಪದ್ಧತಿ ನಮ್ಮಲ್ಲಿದೆ, ನಾನೂ ಕೊಡುತ್ತೇನೆ. ಆದರೆ ರಾತ್ರಿ ಎರಡಕ್ಕೆ ಮುಖದ ಮುಂದೆ ಪರದೆ ಉರಿಯುತ್ತಿದ್ದರೆ ಯಾವ ರೋಗನ್ನೂ ಕೆಲಸ ಮಾಡುವುದಿಲ್ಲ. ಆ ಬೆಳಕು ಮೆದುಳಿಗೆ ಇನ್ನೂ ಹಗಲಿದೆ ಎಂದು ಹೇಳುತ್ತಲೇ ಇರುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮೊದಲು ಆಟ ನಿಲ್ಲಬೇಕು. ಅದು ನಿಂತರೆ ಎಣ್ಣೆಯ ಖರ್ಚೂ ಉಳಿಯುತ್ತದೆ.

ಖಾಲಿ ಸೀಟಿನ ವಿಷಯ ನನ್ನ ತಲೆಯಿಂದ ಹೋಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಳಿಯನನ್ನು ಅಡಿಕೆ ತೋಟಕ್ಕೆ ಕರೆದುಕೊಂಡು ಹೋದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗೋಡೆಗೋ ಮರಕ್ಕೋ ಗುದ್ದುವುದೆಂದರೆ ಸುಮಾರು 14 ಮೀಟರ್, ಅಂದರೆ 45 ಅಡಿ ಮೇಲಿನಿಂದ ನೆಲಕ್ಕೆ ಬಿದ್ದಂತೆ. ಬೆಳೆದ ಅಡಿಕೆ ಮರದ ಎತ್ತರ ಅದು. 40 ಕಿಲೋಮೀಟರಾದರೆ 20 ಅಡಿ. ಕೊನೆ ತೆಗೆಯುವವರು ಮರದಿಂದ ಬಿದ್ದರೆ ಏನಾಗುತ್ತದೆಂದು ನಮ್ಮ ಸೀಮೆಯ ಮಕ್ಕಳಿಗೆ ವಿವರಿಸಬೇಕಿಲ್ಲ, ಹಾಸಿಗೆ ಹಿಡಿದವರನ್ನು ಅವರೇ ಕಂಡಿರುತ್ತಾರೆ. ಅವನು ಮರದ ತುದಿಯನ್ನು ಬಹಳ ಹೊತ್ತು ನೋಡಿದ. “ಗೇಮಲ್ಲಿ ಇನ್ನೂರರ ಮೇಲೇ ಹೋಗೋದು ಮಾಮೂ” ಎಂದ, ಅಷ್ಟೆ. ನಾನೂ ಮುಂದುವರಿಸಲಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಆ ಲೆಕ್ಕವನ್ನು ನಿಮಗೆ ಹೇಳುತ್ತಿದ್ದೇನೆ, ಅವನಿಗೆ ಮರ ಸಾಕಾಯಿತು.

ಕಾನೂನನ್ನೂ ತಿಳಿದಿರಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಮಗನನ್ನು ಸ್ಕೂಟರಿನಲ್ಲಿ ಮದ್ರಸಾಕ್ಕೋ ಅಂಗಡಿಗೋ ನೀವೇ ಕಳುಹಿಸಿದ್ದರೂ ಅಷ್ಟೇ. ಆಸ್ಪತ್ರೆಯಲ್ಲಿ “ಗಾಡಿ ಯಾರದು?” ಎಂದು ಕೇಳಿದಾಗ ನನ್ನ ದನಿ ಹೊರಡಲಿಲ್ಲ.

ಇನ್ನು ದವಾಖಾನೆಗೆ ಬರುವ ಸಾಮಾನ್ಯ ದೂರುಗಳು. ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡಿಸಿ. ಮುಖಕ್ಕೆ ಹಚ್ಚುವ ಅಂಗಡಿಯ ಗುಲಾಬ್ ನೀರನ್ನು ಕಣ್ಣಿಗೆ ಬಿಡಬೇಡಿ. ಮಾರುಕಟ್ಟೆಯ ಸುರ್ಮಾಗಳಲ್ಲಿ ಸೀಸ ಇರುವುದುಂಟು, ಏನು ಬೆರೆಸಿದ್ದಾರೆಂದು ತಿಳಿಯದ ಸುರ್ಮಾ ಮಕ್ಕಳಿಗೆ ಬೇಡ. ಮಲಗಿಕೊಂಡು ಮೊಬೈಲಿನಲ್ಲಿ ಆಡುವವರಿಗೆ ಕುತ್ತಿಗೆ ಮತ್ತು ಹೆಬ್ಬೆರಳ ಬುಡ ನೋಯುತ್ತದೆ; ಔಷಧಿಗೆ ಮೊದಲು ಕುರ್ಚಿ. ಮಿಂಚುವ ದೃಶ್ಯಗಳಿಂದ ಕೆಲವೇ ಕೆಲವು ಮಕ್ಕಳಿಗೆ ಫಿಟ್ಸ್ ಬರಬಹುದು, ಕತ್ತಲ ಕೋಣೆಯಲ್ಲಿ ಆಡಿದರೆ ಸಾಧ್ಯತೆ ಹೆಚ್ಚು. ಬಂದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್. ಮೊದಲ ಸಲದ ಫಿಟ್ಸ್ ಆದರೆ ಬೇಗ ನಿಂತರೂ ಆಸ್ಪತ್ರೆಗೆ ತೋರಿಸಲೇಬೇಕು.

ತಾಯಂದಿರು ಹೇಳುವ ದೊಡ್ಡ ದೂರು ಸಿಟ್ಟು. “ಊಟಕ್ಕೆ ಕರೆದರೆ ಮೈಮೇಲೆ ಬರ್ತಾನೆ.” ಇದರಲ್ಲಿ ಒಂದು ಸಣ್ಣ ಗುಟ್ಟಿದೆ, ಅಳಿಯನೇ ತಿಳಿಸಿದ್ದು. ಒಬ್ಬನೇ ಆಡುವಾಗ ಆಟವನ್ನು ನಡುವೆ ನಿಲ್ಲಿಸಬಹುದು. ಆನ್‌ಲೈನಿನಲ್ಲಿ ಏಳು ಜನ ಬೇರೆ ಬೇರೆ ಊರಿನಿಂದ ಸೇರಿ ಓಡುತ್ತಿರುವಾಗ ನಿಲ್ಲಿಸುವ ಬಟನ್ ಇಲ್ಲ, ಎದ್ದರೆ ಸೋಲು. “ಈಗಲೇ ಬಾ” ಎನ್ನುವ ಬದಲು “ಈ ರೇಸ್ ಮುಗಿಸಿ ಬಾ” ಎಂದು ನೋಡಿ. ಮುಗಿದ ಮೇಲೂ ಏಳದಿದ್ದರೆ ಆಗ ನಿಮ್ಮ ಮಾತಿಗೆ ತೂಕವಿರುತ್ತದೆ. ಇನ್ನೊಂದು: ಜೊತೆಯಲ್ಲಿ ಆಡುವವರು ಯಾರೆಂದು ಕೇಳಿ ತಿಳಿದುಕೊಳ್ಳಿ. ಮನೆಯ ಫೋಟೊ, ಫೋನ್ ನಂಬರ್, ತಂದೆಯ ಎಟಿಎಂ ಕಾರ್ಡ್ ಆ ಗೆಳೆತನಕ್ಕೆ ಹೋಗಬಾರದು.

ಆದರೆ ಆಟವನ್ನು ಹಿಡಿತದಲ್ಲಿಡಲು ಆಗುತ್ತಲೇ ಇಲ್ಲ, ಓದು-ಊಟ-ನಮಾಝ್ ಎಲ್ಲಕ್ಕಿಂತ ಅದೇ ಮೊದಲು, ನಷ್ಟವಾಗುತ್ತಿದ್ದರೂ ಬಿಡಲಾಗದು, ಹೀಗೆ ವರ್ಷದಿಂದ ನಡೆದಿದ್ದರೆ ಅದು ಬರೀ ಹಠವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗನನ್ನು ಹುಚ್ಚನೆಂದು ಜನ ಅಂದಾರು ಎಂಬ ಭಯದಿಂದ ನನ್ನ ಬಳಿ ತಾವೀಝಿನ ಮಾತೆತ್ತಿದ ತಂದೆಗೆ ಈ ನಂಬರನ್ನೇ ಚೀಟಿಯಲ್ಲಿ ಬರೆದುಕೊಟ್ಟೆ.

ಅಳಿಯ ಈಗಲೂ ಆಡುತ್ತಾನೆ. ಅಸರ್ ನಮಾಝಿನ ನಂತರ ಒಂದು ಗಂಟೆ, ಆಮೇಲೆ ಕ್ರಿಕೆಟ್. ಅಕ್ಕ ಇದಕ್ಕೆ ಒಪ್ಪಲು ಎರಡು ತಿಂಗಳು ಹಿಡಿಯಿತು. ಸ್ಕೂಟರ್ ಕೀ ಬೀರುವಿನಲ್ಲಿದೆ, ಮೊಳೆ ಕಿತ್ತಿದ್ದೇನೆ. ಇನ್ನೊಬ್ಬ ಹುಡುಗ ಶಾಲೆಗೆ ಹೋಗುತ್ತಿದ್ದಾನೆ, ಗಾಯದ ಗುರುತೂ ಕಾಣುವುದಿಲ್ಲ. ಆದರೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗಾಗುವಂತೆ ಅವನಿಗೆ ವಾಸನೆ ತಿಳಿಯುವುದು ನಿಂತುಹೋಗಿದೆ. ಕೆಲವರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಇಲ್ಲ. ಬಕ್ರೀದಿನ ದಿನ ಅವರ ಮನೆಗೆ ಹೋಗಿದ್ದೆ. ಅವನ ತಾಯಿ ದಮ್ ಬಿಚ್ಚಿದ ಬಿರಿಯಾನಿಯ ಮುಚ್ಚಳವನ್ನು ಮಗನ ಮುಖದ ಹತ್ತಿರ ತಂದು, ಏನಾದರೂ ಬಂತಾ ಎಂದು ಕೇಳಿದರು. “ಬಿಸಿ ಗೊತ್ತಾಗುತ್ತೆ ಅಮ್ಮಿ” ಎಂದ.