ಮಗುವಿನ ಮೊದಲ ಕನ್ನಡಕ: ಪರೀಕ್ಷೆ ಎಲ್ಲಿ, ಅಂಗಡಿ ಎಲ್ಲಿ?

ಮಗುವಿಗೆ ಮೊದಲ ಸಲ ಕನ್ನಡಕ ಕೊಳ್ಳುವಾಗ ಎರಡು ಜಾಗಗಳನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ: ಪವರ್ ಬರೆಸುವುದು ಎಲ್ಲಿ, ಆ ಪವರ್‌ಗೆ ಕನ್ನಡಕ ಮಾಡಿಸುವುದು ಎಲ್ಲಿ. ದೊಡ್ಡವರು ಎರಡನ್ನೂ ಒಂದೇ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಕೊಂಡು ಬಂದರೆ ಅಂಥ ತೊಂದರೆಯೇನೂ ಆಗದಿರಬಹುದು. ಮಕ್ಕಳ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್ ದೂರ. ಈ ಊರುಗಳ ತಂದೆತಾಯಿಗಳು ಎರಡು ಕೆಲಸವನ್ನೂ ಬೇರೆಬೇರೆಯಾಗಿಯೇ ಯೋಚಿಸುವುದು ಒಳ್ಳೆಯದು. ಪರೀಕ್ಷೆಗೆ ದೂರ ಹೋಗಬೇಕಾಗಿ ಬಂದರೂ ಸರಿ, ಅಂಗಡಿ ಮನೆಗೆ ಹತ್ತಿರವಿರಬೇಕು.

ಕಣ್ಣು ಮಂಜಾಗಿದೆ ಎಂದು ಮಗು ತಾನಾಗಿ ಹೇಳುವುದು ಕಡಿಮೆ. ಹುಟ್ಟಿದಾಗಿನಿಂದ ಹಾಗೇ ಕಂಡಿದ್ದರೆ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ. ಸುದ್ದಿ ಬಹಳ ಸಲ ಶಾಲೆಯಿಂದಲೇ ಬರುತ್ತದೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳ ಕಣ್ಣು ತಪಾಸಣೆ ನಡೆಯುತ್ತದೆ; ತರಬೇತಿ ಪಡೆದ ಶಿಕ್ಷಕರು ಆರು ಮೀಟರ್ ದೂರದಿಂದ ಅಕ್ಷರ ಓದಿಸಿ, ಅನುಮಾನ ಬಂದವರನ್ನು ಮುಂದಕ್ಕೆ ಕಳಿಸುತ್ತಾರೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಬರುತ್ತಿವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಎಂಬುದು ಅವುಗಳ ಲೆಕ್ಕ. ತಪಾಸಣೆಯವರು ಕೊಟ್ಟ ಚೀಟಿಯಲ್ಲಿ 6/12 ಎಂದಿದ್ದರೆ, ಸಾಮಾನ್ಯ ಕಣ್ಣು ಹನ್ನೆರಡು ಮೀಟರ್‌ನಿಂದ ಓದುವುದನ್ನು ಈ ಮಗು ಆರು ಮೀಟರ್‌ಗೆ ಬಂದು ಓದುತ್ತದೆ ಎಂದು ಅರ್ಥ. ಅದು ಕನ್ನಡಕದ ಪವರ್ ಅಲ್ಲ. ಆ ಚೀಟಿ ಹಿಡಿದು ನೇರವಾಗಿ ಕನ್ನಡಕದ ಅಂಗಡಿಗೆ ಹೋಗುವವರಿದ್ದಾರೆ. ಹೋಗಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಬಳಿಗೆ ಅಥವಾ ಕಣ್ಣಿನ ವೈದ್ಯರ ಬಳಿಗೆ.

ಇದಕ್ಕೆ ಕಾರಣವಿದೆ. ಅಂಗಡಿಯ ಬೋರ್ಡಿನ ಮೇಲೆ ‘ಕಂಪ್ಯೂಟರ್ ಮೂಲಕ ಕಣ್ಣಿನ ಪರೀಕ್ಷೆ’ ಎಂದು ಬರೆದಿರುತ್ತದೆ. ಗದ್ದ ಊರಿ ಒಳಗಿನ ಚಿತ್ರ ನೋಡುತ್ತಿದ್ದರೆ ಆಟೋರಿಫ್ರಾಕ್ಟೋಮೀಟರ್ ಎಂಬ ಆ ಯಂತ್ರ ಕೆಲವೇ ಕ್ಷಣದಲ್ಲಿ ಅಂಕಿಗಳ ಚೀಟಿ ಕೊಡುತ್ತದೆ. ಯಂತ್ರದಲ್ಲಿ ದೋಷವೇನೂ ಇಲ್ಲ. ಆದರೆ ಕಣ್ಣಿನೊಳಗಿನ ಮಸೂರದ ಆಕಾರ ಬದಲಿಸುವ ಸಿಲಿಯರಿ ಸ್ನಾಯು ಎಳೆಯ ಮಕ್ಕಳಲ್ಲಿ ತುಂಬ ಚುರುಕು. ಯಂತ್ರದೊಳಕ್ಕೆ ಇಣುಕಿದಾಗ ಮಗುವಿಗೆ ಗೊತ್ತಿಲ್ಲದೆಯೇ ಅದು ಬಿಗಿಯುತ್ತದೆ. ಆಗ ಮೈನಸ್ ಪವರ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಪ್ಲಸ್ ಪವರ್ ಇದ್ದರೆ ಅಡಗಿಕೊಳ್ಳುತ್ತದೆ. ಪ್ಲಸ್ ಬೇಕಾದ ಮಗುವಿಗೆ ಮೈನಸ್ ಕನ್ನಡಕ ಏರಿಸಿ, ತಲೆನೋವು ಎಂದಾಗ ಮೊಬೈಲನ್ನು ಬೈಯುವ ಪ್ರಸಂಗಗಳು ಹುಟ್ಟುವುದು ಹೀಗೆ.

ಆ ಸ್ನಾಯುವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಲು ಔಷಧಿ ಹಾಕಿಯೇ ಮಕ್ಕಳ ಕಣ್ಣು ನೋಡಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಸೈಕ್ಲೋಪೆಂಟೊಲೇಟ್ ಡ್ರಾಪ್ಸ್ ಸಾಕಾಗುತ್ತದೆ; ಹಾಕಿ ಅರ್ಧ ಮುಕ್ಕಾಲು ಗಂಟೆ ಕೂರಿಸುತ್ತಾರೆ, ಮಂಜು ಬಹುತೇಕ ಮಾರನೆಯ ದಿನದ ಹೊತ್ತಿಗೆ ಇಳಿಯುತ್ತದೆ. ತೀರ ಚಿಕ್ಕವರಿಗೂ ಮೆಳ್ಳೆಗಣ್ಣು ಇರುವವರಿಗೂ ಅಟ್ರೋಪಿನ್ ಮುಲಾಮು ಬರೆದುಕೊಟ್ಟು, ಮನೆಯಲ್ಲೇ ಮೂರು ದಿನ ಹಚ್ಚಿ ಕರೆತನ್ನಿ ಎನ್ನುವುದು ವಾಡಿಕೆ. ಮುಲಾಮು ಹಚ್ಚಿದವರು ಕೈ ತೊಳೆದುಕೊಳ್ಳಬೇಕು. ಮಗುವಿನ ಮುಖ ಕೆಂಪಾದರೆ, ಬಾಯಿ ಒಣಗಿದರೆ, ಜ್ವರ ಬಂದರೆ ಹಚ್ಚುವುದನ್ನು ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಅಟ್ರೋಪಿನ್ ಪರಿಣಾಮ ಹತ್ತು ಹದಿನೈದು ದಿನ ಉಳಿಯುತ್ತದೆ, ಅಷ್ಟು ದಿನ ಪುಸ್ತಕದ ಅಕ್ಷರ ಮಬ್ಬು, ಬಿಸಿಲು ತಡೆಯದು. ಆದ್ದರಿಂದ ಶಾಲೆಯ ಪರೀಕ್ಷೆಯ ತಿಂಗಳಲ್ಲಿ ಇದನ್ನು ಇಟ್ಟುಕೊಳ್ಳದೆ ದಸರಾ ಅಥವಾ ಬೇಸಿಗೆ ರಜೆಗೆ ಹೊಂದಿಸಿಕೊಂಡರೆ ಮಗುವಿಗೆ ಸುಖ. ಹಾಗೆಂದು ವೈದ್ಯರು ಬೇಗ ನೋಡಬೇಕು ಎಂದಾಗ ರಜೆಗೆ ಕಾಯುವುದೂ ತಪ್ಪು. ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಮಾರಿ ದುಡ್ಡು ಕೈಗೆ ಬರಲಿ ಎಂದು ತಿಂಗಳುಗಟ್ಟಲೆ ಮುಂದೂಡುವುದು ಇನ್ನೂ ತಪ್ಪು.

ಕಾಯಬಾರದು ಎನ್ನಲು ಮುಖ್ಯ ಕಾರಣ ಸೋಮಾರಿ ಕಣ್ಣು. ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಮೆದುಳು ಮಂಜಾದ ಕಣ್ಣಿನ ಚಿತ್ರವನ್ನು ಕೈಬಿಡುತ್ತಾ ಹೋಗುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮಗು ಆಡುತ್ತದೆ, ಓದುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿಸಿ, ಬೇಕಾದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿದರೆ ಗುಣ ಹೆಚ್ಚು; ವಯಸ್ಸು ಮೀರಿದಷ್ಟೂ ಕಷ್ಟ. ವೈದ್ಯರು ರೆಟಿನೋಸ್ಕೋಪ್‌ನಿಂದ ಬೆಳಕು ಹಾಯಿಸಿ ಪವರ್ ಅಳೆಯುವಾಗ ಮಗು ಬಾಯಿ ಬಿಟ್ಟು ಉತ್ತರ ಹೇಳಬೇಕಾಗಿಯೂ ಇಲ್ಲ. ಆದ್ದರಿಂದ ಅಂಗನವಾಡಿ ವಯಸ್ಸಿನವರಿಗೂ ನಿಖರವಾಗಿ ಪವರ್ ಬರೆಯಬಹುದು.

ಇಂಥ ಪರೀಕ್ಷೆಗೆ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಹಾಸನದ ದೊಡ್ಡಾಸ್ಪತ್ರೆ. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಹಿಮ್ಸ್) ಮತ್ತು ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ನೇತ್ರ ವಿಭಾಗವಿದೆ. ಸರದಿ ಉದ್ದ, ಆದರೆ ಖರ್ಚು ಕಡಿಮೆ. ಚನ್ನರಾಯಪಟ್ಟಣದವರಿಗೆ ಹಾಸನದಷ್ಟೇ ಸಲೀಸು ಬೆಂಗಳೂರು ಹೆದ್ದಾರಿಯ ದಾರಿ. ಬೆಳ್ಳೂರು ಸಮೀಪದ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಿಗುತ್ತದೆ. ಹೊಳೆನರಸೀಪುರಕ್ಕೆ ಮೈಸೂರು ರೈಲಿದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಿದೆ. ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯಂಥ ಜಟಿಲ ಪ್ರಕರಣಗಳಿಗೆ 1896ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ ಇದ್ದೇ ಇದೆ. ಖಾಸಗಿ ಕಣ್ಣಿನ ಆಸ್ಪತ್ರೆಗೆ ಹೋಗುವವರು ಮುಂಚಿತವಾಗಿ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಒಂದೇ: ಮಕ್ಕಳಿಗೆ ಡ್ರಾಪ್ಸ್ ಹಾಕಿ ಪವರ್ ನೋಡುತ್ತೀರಾ?

ಪರೀಕ್ಷೆ ಮುಗಿದ ಮೇಲೆ ಚೀಟಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಎರಡೂ ಕಣ್ಣಿಗೆ ಸ್ಫಿಯರ್, ಸಿಲಿಂಡರ್ ಇದ್ದರೆ ಅದರ ಆಕ್ಸಿಸ್, ಯಾವಾಗಲೂ ಹಾಕಬೇಕೋ ಓದುವಾಗ ಮಾತ್ರವೋ, ಮತ್ತೆ ಯಾವಾಗ ಬರಬೇಕು ಎಂಬುದೆಲ್ಲ ಇರಬೇಕು. ಬಹಳಷ್ಟು ಕಣ್ಣಾಸ್ಪತ್ರೆಗಳ ಕೆಳಗೆ ಅವರದೇ ಕನ್ನಡಕದ ಮಳಿಗೆ ಇರುತ್ತದೆ. ಅದರಲ್ಲಿ ತಪ್ಪಿಲ್ಲ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನೀತಿಸಂಹಿತೆ, ರೋಗಿಯನ್ನು ಶೋಷಿಸದಿರುವವರೆಗೆ ವೈದ್ಯರು ಸಲಕರಣೆ ಪೂರೈಸುವುದು ಅನೈತಿಕವಲ್ಲ ಎನ್ನುತ್ತದೆ. ಕಮಿಷನ್ ಕೊಟ್ಟು ಪಡೆಯುವುದನ್ನು ಅದೇ ಸಂಹಿತೆ ನಿಷೇಧಿಸುತ್ತದೆ. ಅಲ್ಲೇ ಕೊಳ್ಳಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ಪವರ್ ತಾಳೆ ನೋಡಿಸುವುದು ಸುಲಭ ಎಂಬುದು ಆ ಮಳಿಗೆಯ ಅನುಕೂಲ. ಅರಕಲಗೂಡಿನ ಹಳ್ಳಿಯ ಮಗು ಕನ್ನಡಕದ ಮೇಲೆ ಕೂತು ಕಡ್ಡಿ ಸೊಟ್ಟ ಮಾಡಿದ ದಿನ ಹಾಸನಕ್ಕೆ ಬಸ್ ಹತ್ತಬೇಕಲ್ಲ ಎಂಬುದು ಅನನುಕೂಲ.

ಕಡ್ಡಿ ಸೊಟ್ಟ ಆಗಿಯೇ ಆಗುತ್ತದೆ. ಸ್ಕ್ರೂ ಬೀಳುತ್ತದೆ, ಮೂಗಿನ ಪ್ಯಾಡ್ ಕಿತ್ತು ಬರುತ್ತದೆ, ಕನ್ನಡಕ ಜಾರಿ ಮೂಗಿನ ತುದಿಗೆ ಬರುತ್ತದೆ. ಜಾರಿದ ಕನ್ನಡಕದ ಮೇಲಿಂದ ನೋಡುವ ಮಗು ಕನ್ನಡಕ ಹಾಕಿಯೂ ಹಾಕದ ಹಾಗೆಯೇ. ಮೊದಲ ವರ್ಷ ಐದಾರು ಸಲವಾದರೂ ಅಂಗಡಿಯವರು ಹೀಟರ್‌ನಲ್ಲಿ ಫ್ರೇಮ್ ಬಿಸಿ ಮಾಡಿ ಕಿವಿಯ ಹಿಂದಿನ ಬಾಗು ಸರಿಪಡಿಸಿಕೊಡಬೇಕಾಗುತ್ತದೆ. ಊರಿನ ಅಂಗಡಿಗೆ ಶಾಲೆ ಬಿಟ್ಟ ಮೇಲೆ ಹೋಗಿ ಬರಬಹುದು. ಹಾಸನದ ಬಿ.ಎಂ. ರಸ್ತೆಯಲ್ಲಿ ಆಯ್ಕೆ ಹೆಚ್ಚು ಎಂಬುದು ನಿಜವಾದರೂ, ಆಯ್ಕೆ ಬೇಕಾಗುವುದು ಒಂದು ದಿನ, ರಿಪೇರಿ ವರ್ಷವಿಡೀ. ಹತ್ತಿರದ ಅಂಗಡಿಯಲ್ಲಿ ಮಕ್ಕಳ ಫ್ರೇಮೇ ಇಲ್ಲದಿದ್ದರೆ ಮಾತು ಬೇರೆ. ಆಗ ಹಾಸನವೇ ಸರಿ.

ಅಂಗಡಿಯ ಯೋಗ್ಯತೆ ಅಳೆಯಲು ಒಂದೆರಡು ದಾರಿಗಳಿವೆ. ಐದು ವರ್ಷದ ಮಗುವನ್ನು ಕರೆದುಕೊಂಡು ಹೋದಾಗ ‘ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಂಡು ಬನ್ನಿ’ ಎಂದು ವ್ಯಾಪಾರ ಬಿಟ್ಟುಕೊಡುವ ಅಂಗಡಿ ನಂಬಿಕೆಗೆ ಅರ್ಹ. ಇನ್ನೊಂದು, ಅವರು ಮಗುವಿನ ಪಿ.ಡಿ. ಅಳೆಯುತ್ತಾರೋ ಇಲ್ಲವೋ. ಎರಡು ಪಾಪೆಗಳ ನಡುವಿನ ಅಂತರವೇ ಪಿ.ಡಿ.; ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್ ಆಸುಪಾಸು, ಶಾಲೆಗೆ ಕಾಲಿಟ್ಟ ಮಗುವಿನಲ್ಲಿ 50ರ ಅಕ್ಕಪಕ್ಕ. ಲೆನ್ಸಿನ ನಡುಬಿಂದು ಪಾಪೆಯ ಎದುರಿಗೆ ಬರಬೇಕು. ಪಿ.ಡಿ. 52 ಇರುವ ಮಗುವಿಗೆ 58ಕ್ಕೆ ಫಿಟ್ ಮಾಡಿದರೆ ಒಂದೊಂದು ಕಣ್ಣಿಗೂ 3 ಮಿಲಿಮೀಟರ್ ವ್ಯತ್ಯಾಸ. ಪವರ್ 4 ಇದ್ದರೆ ಒಂದೊಂದು ಕಣ್ಣಿನ ಮುಂದೆಯೂ 1.2 ಪ್ರಿಸಂನಷ್ಟು ಬೇಡದ ಎಳೆತ ಹುಟ್ಟುತ್ತದೆ. ಪವರ್ ಸರಿಯಾಗಿದ್ದೂ ಮಗು ಕನ್ನಡಕ ಕಿತ್ತೆಸೆಯುವುದಕ್ಕೆ ಇದೂ ಒಂದು ಕಾರಣ. ಆನ್‌ಲೈನ್‌ನಲ್ಲಿ ಮೊದಲ ಕನ್ನಡಕ ತರಿಸಬಾರದು ಎನ್ನುವುದೂ ಇದಕ್ಕೇ. ಅಳತೆಗಳೆಲ್ಲ ಗೊತ್ತಾದ ಮೇಲೆ, ಬ್ಯಾಗಿನಲ್ಲಿ ಇರಲೆಂದು ಎರಡನೆಯದನ್ನು ಹಾಗೆ ತರಿಸಬಹುದು.

ಫ್ರೇಮ್ ಆರಿಸುವಾಗ ಮನೆಯವರ ಬಾಯಲ್ಲಿ ಬರುವ ಮಾತು, ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ. ಯೂನಿಫಾರಂ ಹೊಲಿಸುವಾಗ ಸರಿಹೋಗುವ ಈ ಲೆಕ್ಕ ಇಲ್ಲಿ ಕೈಕೊಡುತ್ತದೆ, ಕನ್ನಡಕಕ್ಕೆ ಅಂಚು ಮಡಚಿ ಹೊಲಿಗೆ ಹಾಕಲಾಗದು. ಕಡ್ಡಿಯ ಒಳಬದಿಯಲ್ಲಿ 44, 16, 125 ಎಂಬಂತೆ ಮೂರು ಅಂಕಿ ಇರುತ್ತವೆ: ಲೆನ್ಸಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ನಲ್ಲಿ. ಎಳೆಯ ಮಕ್ಕಳ ಮೂಗಿನ ದಿಂಡು ಚಪ್ಪಟೆ, ಹಾಗಾಗಿ ಸೇತುವೆಯ ಅಳತೆಯೇ ಮುಖ್ಯ. ನಕ್ಕಾಗ ಫ್ರೇಮ್ ಕೆನ್ನೆಗೆ ತಾಗಿ ಮೇಲೇಳಬಾರದು. ಹಗುರ ಪ್ಲಾಸ್ಟಿಕ್, ಸಿಲಿಕೋನ್ ಮೂಗುಪ್ಯಾಡ್, ಹೊರಕ್ಕೂ ಬಾಗುವ ಸ್ಪ್ರಿಂಗ್ ಕಡ್ಡಿ ಇದ್ದರೆ ಬಾಳಿಕೆ. ತೀರ ಚಿಕ್ಕವರಿಗೆ ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ. ಬಣ್ಣದ ಆಯ್ಕೆ ಮಗುವಿಗೇ ಬಿಡಬೇಕು, ಹಾಕಿಕೊಳ್ಳುವುದು ಅದು ತಾನೆ.

ಲೆನ್ಸಿನಲ್ಲಿ ಗಾಜು ಬೇಡವೇ ಬೇಡ. ಅಂಗಡಿಯವರು ‘ಫೈಬರ್’ ಎನ್ನುವುದು ಸಾಮಾನ್ಯವಾಗಿ ಸಿಆರ್-39 ಎಂಬ ಪ್ಲಾಸ್ಟಿಕ್. ಗಾಜಿಗಿಂತ ಹಗುರ, ಅಗ್ಗ. ಪೆಟ್ಟು ತಡೆಯುವುದರಲ್ಲಿ ಪಾಲಿಕಾರ್ಬೊನೇಟ್ ಅದಕ್ಕಿಂತ ಬಹಳ ಮುಂದೆ, ಮಕ್ಕಳಿಗೆ ಅದೇ ತಕ್ಕದ್ದು; ಬೇಗ ಗೀರು ಬೀಳುವುದರಿಂದ ಹಾರ್ಡ್ ಕೋಟಿಂಗ್ ಇರಬೇಕು. ಒಂದು ಕಣ್ಣಿನಲ್ಲಿ ಮಾತ್ರ ದೃಷ್ಟಿ ಚೆನ್ನಾಗಿರುವ ಮಗುವಿಗೆ ಪಾಲಿಕಾರ್ಬೊನೇಟ್ ಬಿಟ್ಟು ಬೇರೆ ಯೋಚಿಸಲೇಬಾರದು, ಉಳಿದ ಆ ಕಣ್ಣಿಗೆ ಪೆಟ್ಟು ಬಿದ್ದರೆ ಮತ್ತೇನೂ ಉಳಿಯುವುದಿಲ್ಲ. ಯಾವ ಲೆನ್ಸ್ ಎಂಬುದನ್ನು ಬಿಲ್ಲಿನ ಮೇಲೆ ಬರೆಸಬೇಕು. ‘ಬ್ಲೂ ಕಟ್’ ಎಂದು ಸಾವಿರ ರೂಪಾಯಿ ಸೇರಿಸುವಾಗ ಬೇಡ ಎನ್ನಲು ಅಂಜಬೇಕಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ, ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ದಣಿವಿಗೆ ಅಂಥ ಲೆನ್ಸಿನಿಂದ ಅಲ್ಪಾವಧಿಯಲ್ಲಿ ಪ್ರಯೋಜನ ಕಾಣಲಿಲ್ಲ ಎಂದಿದೆ. ಆ ದುಡ್ಡು ಪಾಲಿಕಾರ್ಬೊನೇಟ್‌ಗೆ ಹೋಗಲಿ. 2025ರ ಸೆಪ್ಟೆಂಬರ್ 22ರಿಂದ ಪವರ್ ಕನ್ನಡಕ, ಲೆನ್ಸ್, ಫ್ರೇಮ್‌ಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದೂ ಕಾಣಬೇಕು.

ಕೈಯಲ್ಲಿ ಅಷ್ಟು ದುಡ್ಡಿಲ್ಲದವರಿಗೆ ಶಾಲಾ ತಪಾಸಣೆಯ ಉಚಿತ ಕನ್ನಡಕವಿದೆ. ಬಿಟ್ಟಿ ಸಿಕ್ಕಿದ್ದು ಎಂದು ಮೂಗು ಮುರಿಯಬೇಕಾಗಿಲ್ಲ. ಪವರ್ ಸರಿಯಾಗಿದ್ದು ಫ್ರೇಮ್ ಮುಖಕ್ಕೆ ಹೊಂದಿದರೆ ಅದು ಅಂಗಡಿಯ ಕನ್ನಡಕ ಮಾಡುವ ಕೆಲಸವನ್ನೇ ಮಾಡುತ್ತದೆ. ಸಡಿಲವಿದ್ದರೆ ಊರಿನ ಅಂಗಡಿಯಲ್ಲಿ ಬಾಗಿಸಿಕೊಂಡರಾಯಿತು.

ಕನ್ನಡಕ ತರಲು ಹೋಗುವಾಗ ಮಗುವನ್ನು ಕರೆದೊಯ್ಯಬೇಕು, ವೈದ್ಯರ ಚೀಟಿಯನ್ನೂ ಒಯ್ಯಬೇಕು. ಲೆನ್ಸೋಮೀಟರ್‌ನಲ್ಲಿ ಇಟ್ಟು ಪವರ್ ತೋರಿಸಿ ಎಂದರೆ ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ. ಮೊದಲ ಕೆಲವು ದಿನ ನೆಲ ಏರುಪೇರಾದಂತೆ ಅನಿಸುವುದು, ಅದರಲ್ಲೂ ಸಿಲಿಂಡರ್ ಪವರ್ ಇದ್ದರೆ, ಸಹಜ. ಎರಡು ವಾರ ಕಳೆದರೂ ಮಗು ಒಲ್ಲೆ ಎಂದರೆ ಹಠ ಎನ್ನುವ ಮುಂಚೆ ಪಿ.ಡಿ. ಮತ್ತು ಆಕ್ಸಿಸ್ ಇನ್ನೊಮ್ಮೆ ನೋಡಿಸಬೇಕು. ಲೆನ್ಸ್ ತಪ್ಪಾಗಿದ್ದೂ ಅಂಗಡಿಯವರು ಬದಲಿಸಲು ಒಪ್ಪದಿದ್ದರೆ, ಚೀಟಿ ಮತ್ತು ಬಿಲ್ ಹಿಡಿದು ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯಿದೆ.

ಆಮೇಲೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ಪರೀಕ್ಷೆ. ಫ್ರೇಮ್ ಇನ್ನೂ ಹಿಡಿಯುವಂತಿದ್ದರೆ ಲೆನ್ಸ್ ಮಾತ್ರ ಬದಲಿಸಬಹುದು. ಹಳೆಯ ಚೀಟಿಗಳನ್ನು ಬಿಸಾಡಬಾರದು: ಮೈನಸ್ ಪವರ್ ವರ್ಷಕ್ಕೆ ಅರ್ಧ ಪಾಯಿಂಟ್, ಒಂದು ಪಾಯಿಂಟ್ ಏರುತ್ತಿದೆಯೇ ಎಂಬುದು ಗೊತ್ತಾಗುವುದು ಅವುಗಳನ್ನು ಅಕ್ಕಪಕ್ಕ ಇಟ್ಟಾಗ. ಹಾಗೆ ಏರುತ್ತಿದ್ದರೆ, ಏರಿಕೆ ನಿಧಾನಿಸುವ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಅಥವಾ ವಿಶೇಷ ಲೆನ್ಸ್ ಬೇಕೇ ಎಂದು ಕಣ್ಣಿನ ವೈದ್ಯರನ್ನೇ ಕೇಳಬೇಕು. ಆ ಲೆನ್ಸುಗಳ ಫಿಟ್ಟಿಂಗ್ ಹೆಚ್ಚು ಸೂಕ್ಷ್ಮ. ಅದು ಬೇಕಾದವರು ಮಾತ್ರ ಊರಿನ ಅಂಗಡಿ ಬಿಟ್ಟು ಹಾಸನಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು.