ರುಚಿಯೂ ನ್ಯಾಯವೂ

ಹಾಸನ ಜಿಲ್ಲೆಯಲ್ಲಿ ಒಂದು ವರ್ಷ ಸುತ್ತಾಡಿ ಬಂದವನ ಕಿವಿಗೆ ಎಷ್ಟೊಂದು ಬಗೆಯ ಹಾಡುಗಳು ಬೀಳುತ್ತವೆ! ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವೆಂಬ ಊರಿದೆ. ಕರ್ನಾಟಕ ಸಂಗೀತಕ್ಕೆ ಹಲವು ಮಂದಿ ವಿದ್ವಾಂಸರನ್ನು ಕೊಟ್ಟ ಊರು ಅದು. ೧೯೨೦ರಲ್ಲಿ ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರು ಮದರಾಸಿನ ಸಂಗೀತ ಅಕಾಡೆಮಿಯಿಂದ ‘ಸಂಗೀತ ಕಲಾನಿಧಿ’ ಬಿರುದನ್ನೂ, ೨೦೧೧ರಲ್ಲಿ ಭಾರತ ಸರ್ಕಾರದಿಂದ ‘ಪದ್ಮಭೂಷಣ’ ಪ್ರಶಸ್ತಿಯನ್ನೂ ಪಡೆದರು. ಆ ಊರಿನಲ್ಲಿ ಇಂದಿಗೂ ಸಂಗೀತೋತ್ಸವದ ಕಾಲದಲ್ಲಿ ತಂಬೂರಿಯ ಶ್ರುತಿಯನ್ನು ಕೇಳಬಹುದು. ಅಲ್ಲಿಂದ ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಗೆ ಹೋದರೆ, ಸುಗ್ಗಿ ಮುಗಿದ ಮೇಲಣ ಯಾವುದೋ ಒಂದು ರಾತ್ರಿ ಮೂಡಲಪಾಯದ ಭಾಗವತರ ಏರುದನಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರದ ಸುತ್ತಣ ಹಳ್ಳಿಗಳಲ್ಲಿ ಮದುವೆಯ ಚಪ್ಪರದ ಕೆಳಗೆ ಹೆಂಗಸರು ಸೋಬಾನೆಯ ಪದಗಳನ್ನು ಹಾಡುತ್ತಾರೆ. ಹಾಸನದ ಪೇಟೆಯಲ್ಲಿ ಗಣಪತಿಯ ಉತ್ಸವ ಬಂದಿತೆಂದರೆ ಚಲನಚಿತ್ರಗೀತೆಗಳ ರಸಮಂಜರಿ ಮೊಳಗುತ್ತದೆ.

ಇವೆಲ್ಲವೂ ಸಂಗೀತವೇ. ಆದರೆ ಇವೆಲ್ಲವನ್ನೂ ಸಮನಾಗಿ ಪ್ರೀತಿಸುವವರು ಅಪರೂಪ. ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ತನಗೆ ಒಲವಿಲ್ಲದ ಬಗೆಯ ಸಂಗೀತವನ್ನು ಕುರಿತು ವಿಮರ್ಶಕನು ನ್ಯಾಯವಾದ ಮಾತನ್ನು ಆಡಬಲ್ಲನೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿದೆ. ಹಾಡನ್ನು ಕೇಳುವುದು ಊಟದಂತೆ. ಅದು ಅವರವರ ಇಚ್ಛೆಗೆ ಸೇರಿದ್ದು. ಹಿಡಿಸದಿದ್ದರೆ ರಸಿಕನು ಎದ್ದು ಮನೆಗೆ ಹೋಗಬಹುದು. ಯಾರೂ ಅವನನ್ನು ಕಾರಣ ಕೇಳುವುದಿಲ್ಲ. ವಿಮರ್ಶಕನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಪತ್ರಿಕೆಯಲ್ಲಿ ಬರೆಯುತ್ತಾನೆ, ಸ್ಪರ್ಧೆಗಳಲ್ಲಿ ಅಂಕಗಳನ್ನು ಕೊಡುತ್ತಾನೆ, ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಕಲಾವಿದನ ದರ್ಜೆಯನ್ನು ನಿರ್ಧರಿಸುತ್ತಾನೆ. ಅವನ ಮಾತಿನಿಂದ ಒಬ್ಬನಿಗೆ ಮುಂದಿನ ಕಚೇರಿ ದೊರೆಯಬಹುದು, ಇನ್ನೊಬ್ಬನಿಗೆ ತಪ್ಪಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹಾಡುವವರ ಧೈರ್ಯವು ಅವನ ಮಾತಿನಿಂದ ಬೆಳೆಯಬಹುದು ಅಥವಾ ಕುಗ್ಗಬಹುದು. ಇದನ್ನು ನಾನು ಪುಸ್ತಕಗಳಿಂದ ಕಲಿಯಲಿಲ್ಲ. ನನ್ನದೇ ತಪ್ಪಿನಿಂದ ಕಲಿತೆ.

ಬಹಳ ವರ್ಷಗಳ ಹಿಂದೆ ಶಾಲಾ ಮಕ್ಕಳ ಗಾಯನ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರನಾಗಿದ್ದೆ. ನನ್ನ ಕಿವಿ ಚಿಕ್ಕಂದಿನಿಂದಲೂ ಕರ್ನಾಟಕ ಸಂಗೀತಕ್ಕೆ ಒಗ್ಗಿದ್ದು. ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಒಬ್ಬ ಹುಡುಗಿ ಸೋಬಾನೆಯ ಪದವೊಂದನ್ನು ಹಾಡಿದಳು. ಅಂಕಪಟ್ಟಿಯ ಷರಾ ಕಲಮಿನಲ್ಲಿ ನಾನು ಹೀಗೆ ಬರೆದೆ: ‘ಧಾಟಿಯಲ್ಲಿ ವೈವಿಧ್ಯವಿಲ್ಲ. ಒಂದೇ ಮಟ್ಟು ಮತ್ತೆ ಮತ್ತೆ ಬರುತ್ತದೆ. ಕಂಠಕ್ಕೆ ಸಂಸ್ಕಾರ ಸಾಲದು.’ ಅವಳಿಗೆ ದೊರೆತದ್ದು ಎಲ್ಲರಿಗಿಂತ ಕಡಿಮೆ ಅಂಕ. ಫಲಿತಾಂಶವನ್ನು ಘೋಷಿಸುವಾಗ ಷರಾಗಳನ್ನೂ ಓದಿ ಹೇಳಿದರು.

ಮರುವರ್ಷ ಅದೇ ಹಳ್ಳಿಗೆ ಒಂದು ಮದುವೆಗಾಗಿ ಹೋಗಬೇಕಾಯಿತು. ಮದುವಣಗಿತ್ತಿಗೆ ಅರಿಸಿನ ಹಚ್ಚುವಾಗ ಹೆಂಗಸರು ಪದ ಹೇಳತೊಡಗಿದರು. ಒಬ್ಬ ಮುದುಕಿ ಒಂದು ಸಾಲನ್ನು ಎತ್ತಿಕೊಡುವಳು, ಉಳಿದವರು ಅದನ್ನು ಹಿಡಿದು ಮುಂದಕ್ಕೆ ಸಾಗಿಸುವರು. ಕೆಲಸ ಮುಗಿಯುವವರೆಗೂ ಹಾಡು ನಿಲ್ಲುವಂತಿಲ್ಲ. ನೆರೆದವರಲ್ಲಿ ಯಾರೂ ಹೊರಗೆ ಉಳಿಯುವಂತಿಲ್ಲ. ಮಟ್ಟು ಒಂದೇ ಆಗಿರುವುದರಿಂದಲೇ ಹೊಸದಾಗಿ ಬಂದವಳೂ ಎರಡನೆಯ ಸಾಲಿಗೆ ದನಿಗೂಡಿಸಬಲ್ಲಳು. ನಾನು ಯಾವುದನ್ನು ದೋಷವೆಂದು ಬರೆದಿದ್ದೆನೋ ಅದೇ ಆ ಹಾಡಿನ ಜೀವಾಳವಾಗಿತ್ತು. ಆ ಹುಡುಗಿಯೂ ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದಳು. ಮುದುಕಿ ಅವಳನ್ನು ಕರೆದು, “ನೀನೂ ಒಂದ್ ಸೊಲ್ಲು ಎತ್ತಿಕೊಡೇ” ಎಂದಳು. “ನಂಗೆ ಹಾಡಕ್ ಬರಲ್ಲ ಕಣಜ್ಜಿ” ಎಂದು ಹುಡುಗಿ ಒಳಕ್ಕೆ ಹೋಗಿಬಿಟ್ಟಳು. ಅವಳು ನನ್ನನ್ನು ನೋಡಿದಳೋ ಇಲ್ಲವೋ ತಿಳಿಯದು. ಆ ಮಾತು ಮಾತ್ರ ನನ್ನ ಷರಾದ ಪ್ರತಿಧ್ವನಿಯಾಗಿತ್ತು.

ನನಗೆ ನಾಚಿಕೆಯಾಗಲು ಇನ್ನೊಂದು ಕಾರಣವೂ ಇತ್ತು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ೧೯೩೦ರ ದಶಕದಲ್ಲಿಯೇ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದರು. ಅಂತಹ ಹಾಡುಗಳ ಸಾಹಿತ್ಯಗುಣವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಕೊಂಡಾಡಿದ್ದೆ. ಅಚ್ಚಿನಲ್ಲಿ ಕಂಡಾಗ ಮೆಚ್ಚಿದ್ದನ್ನೇ ಹುಡುಗಿಯೊಬ್ಬಳ ಬಾಯಿಂದ ಕೇಳಿದಾಗ ತೆಗಳಿದೆ. ಓದುವಾಗ ಅದನ್ನು ಜನಪದ ಕಾವ್ಯವೆಂದು ಅಳೆದಿದ್ದೆ. ಕೇಳುವಾಗ ಸಂಗೀತ ಕಚೇರಿಯೆಂದು ಅಳೆದೆ.

ಹಾಗಾದರೆ ನನ್ನ ತಪ್ಪು ಯಾವುದು? ಆ ಬಗೆಯ ಹಾಡಿನಲ್ಲಿ ನನಗೆ ಒಲವಿಲ್ಲದಿದ್ದುದೆ? ಅಲ್ಲ. ಒಲವಿಲ್ಲದಿರುವುದು ತಪ್ಪಲ್ಲ. ಭತ್ತವನ್ನು ಕೊಳಗದಿಂದ ಅಳೆಯಬೇಕು, ಬಟ್ಟೆಯನ್ನು ಗಜದಿಂದ ಅಳೆಯಬೇಕು. ಗಜದ ಕೋಲನ್ನು ಹಿಡಿದು ಕಣಕ್ಕೆ ಹೋದವನು ಭತ್ತ ಕಡಿಮೆಯಾಯಿತೆಂದು ದೂರಿದರೆ ಅದಕ್ಕೆ ರೈತನು ಹೊಣೆಯಲ್ಲ.

ಪ್ರತಿಯೊಂದು ಬಗೆಯ ಸಂಗೀತಕ್ಕೂ ಅದರದೇ ಆದ ಗುರಿಯುಂಟು. ಆ ಗುರಿಯಿಂದಲೇ ಅದರ ಅಳತೆಗೋಲು ಹುಟ್ಟುತ್ತದೆ. ಮೂಡಲಪಾಯದ ಉದಾಹರಣೆಯನ್ನು ನೋಡಿ. ಭಾಗವತರ ದನಿ ಕಿರಿಚುವಂತಿದೆ, ಮುಖವೀಣೆಯ ನಾದ ಕಿವಿಯನ್ನು ಚುಚ್ಚುತ್ತದೆ ಎಂದು ಪಟ್ಟಣದ ಕೇಳುಗನು ಹೇಳಬಹುದು. ಆದರೆ ಅದು ಧ್ವನಿವರ್ಧಕವಿಲ್ಲದ ಕಾಲದಲ್ಲಿ, ತೆರೆದ ಬಯಲಿನಲ್ಲಿ, ಬೆಳಗಿನವರೆಗೆ ನಡೆಯುವುದಕ್ಕಾಗಿ ರೂಪುಗೊಂಡ ಆಟ. ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ಕಥೆ ಮುಟ್ಟಬೇಕು. ಕುಣಿಯುವ ವೇಷಧಾರಿಯ ಹೆಜ್ಜೆಗೆ ಹುರುಪು ಸಿಕ್ಕಬೇಕು. ಕೋಣೆಯೊಳಗಿನ ವೀಣಾವಾದನದ ನಯವನ್ನು ಅಲ್ಲಿ ಹುಡುಕುವುದು ವ್ಯರ್ಥ.

ಹೀಗೆಯೇ ಭಾವಗೀತೆಯನ್ನೂ ರಾಗಸಂಗೀತವನ್ನೂ ಹೋಲಿಸಿ ನೋಡಬಹುದು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ಕನ್ನಡ ಕವಿತೆಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ಅಲ್ಲಿ ಕವಿಯ ಮಾತು ಸ್ಪಷ್ಟವಾಗಿ ಕೇಳಿಸಬೇಕು, ಭಾವಕ್ಕೆ ರಾಗವು ನೆರವಾಗಬೇಕು. ‘ಇದರಲ್ಲಿ ಆಲಾಪನೆಯಿಲ್ಲ, ಸ್ವರಪ್ರಸ್ತಾರವಿಲ್ಲ’ ಎಂದು ಆಕ್ಷೇಪಿಸಿದರೆ ಅದು ನ್ಯಾಯವಲ್ಲ. ಭಾವಗೀತೆಯಲ್ಲಿಯೇ ಮನಸ್ಸಿಟ್ಟವನೊಬ್ಬನು ಕರ್ನಾಟಕ ಸಂಗೀತದ ಕಚೇರಿಗೆ ಬಂದು, ನೆರವಲ್ ನಡೆಯುತ್ತಿರುವಾಗ, ‘ಇದೇನು, ಒಂದೇ ಸಾಲನ್ನು ಎಷ್ಟು ಸಲ ಹಾಡುತ್ತಾರೆ!’ ಎಂದು ಬೇಸರಪಟ್ಟರೆ ಅದೂ ನ್ಯಾಯವಲ್ಲ. ಒಂದೇ ಸಾಲಿನಿಂದ ರಾಗದ ಹಲವು ಮುಖಗಳನ್ನು ಹೊರತೆಗೆಯುವುದೇ ನೆರವಲಿನ ಉದ್ದೇಶ. ಸೋಬಾನೆಯ ಮಟ್ಟು ಮರಳಿ ಬರುವುದು ಎಲ್ಲರನ್ನೂ ಒಳಗೊಳ್ಳುವುದಕ್ಕಾಗಿ. ನೆರವಲಿನ ಸಾಲು ಮರಳಿ ಬರುವುದು ಮನೋಧರ್ಮಕ್ಕೆ ಎಡೆಮಾಡಿಕೊಡುವುದಕ್ಕಾಗಿ. ಕಾರಣವನ್ನು ತಿಳಿಯದವನಿಗೆ ಎರಡೂ ಬರಿಯ ಪುನರಾವೃತ್ತಿಯಾಗಿ ಕೇಳಿಸುತ್ತವೆ.

ನಮ್ಮ ಪ್ರಾಚೀನರು ಈ ವಿಷಯವನ್ನು ಚೆನ್ನಾಗಿ ಯೋಚಿಸಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸುವ ‘ಪ್ರಾಶ್ನಿಕ’ರ ಪ್ರಸ್ತಾಪವಿದೆ. ಯಜ್ಞದ ಸಂದರ್ಭ ಬಂದರೆ ಅದನ್ನು ಬಲ್ಲವನು, ನೃತ್ಯಕ್ಕೆ ನರ್ತಕನು, ಛಂದಸ್ಸಿಗೆ ಛಂದೋವಿದನು, ಬಾಣವಿದ್ಯೆಗೆ ಬಿಲ್ಲುಗಾರನು, ಗಾನಕ್ಕೆ ಗಾಯಕನು ಪ್ರಾಶ್ನಿಕನಾಗಬೇಕೆಂದು ಭರತನು ಹೇಳುತ್ತಾನೆ. ಪ್ರೇಕ್ಷಕರ ರುಚಿ ವಯಸ್ಸಿಗೂ ಸ್ವಭಾವಕ್ಕೂ ತಕ್ಕಂತೆ ಬೇರೆಬೇರೆಯಾಗಿರುತ್ತದೆಂಬುದನ್ನೂ ಅವನು ಮರೆತಿಲ್ಲ. ಆದುದರಿಂದ ತೀರ್ಪಿಗೆ ಅವನು ರುಚಿಯನ್ನು ಆಧಾರವಾಗಿಸದೆ ಆಯಾ ವಿದ್ಯೆಯ ತಿಳಿವಳಿಕೆಯನ್ನು ಆಧಾರವಾಗಿಸಿದನು.

ಆದರೆ ತಿಳಿವಳಿಕೆಯೊಂದಿದ್ದರೆ ಸಾಕೆ? ಯೂರೋಪಿನ ಪ್ರಸಂಗವೊಂದನ್ನು ನೋಡೋಣ. ವಿಯೆನ್ನಾ ನಗರದ ಎಡುವರ್ಡ್ ಹ್ಯಾನ್ಸ್‌ಲಿಕ್ ಎಂಬಾತ ದೊಡ್ಡ ವಿದ್ವಾಂಸ, ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು. ಬ್ರಾಮ್ಸ್ ಎಂಬ ವಾಗ್ಗೇಯಕಾರನ ಸಂಗೀತವೆಂದರೆ ಅವನಿಗೆ ಬಹಳ ಮೆಚ್ಚು. ೧೮೮೧ರಲ್ಲಿ ರಷ್ಯದ ಚೈಕಾವ್‌ಸ್ಕಿ ರಚಿಸಿದ ಪಿಟೀಲಿನ ಕೃತಿಯೊಂದು ಆ ನಗರದಲ್ಲಿ ಮೊದಲ ಬಾರಿಗೆ ನುಡಿಯಲ್ಪಟ್ಟಾಗ, ಕಿವಿಗೆ ನಾರುವ ಸಂಗೀತವೂ ಇರಬಹುದೇನೋ ಎಂಬರ್ಥದಲ್ಲಿ ಅವನು ಹೀಯಾಳಿಸಿ ಬರೆದನು. ಇಂದು ಆ ಕೃತಿಯನ್ನು ನುಡಿಸದ ಪ್ರಸಿದ್ಧ ಪಿಟೀಲುವಾದಕರು ಪಾಶ್ಚಾತ್ಯ ಲೋಕದಲ್ಲಿ ವಿರಳ. ಹ್ಯಾನ್ಸ್‌ಲಿಕ್‌ನಿಗೆ ಪಾಂಡಿತ್ಯದ ಕೊರತೆಯಿರಲಿಲ್ಲ. ತಾನು ಒಪ್ಪಿದ ಮಾದರಿಯ ಆಚೆಗೂ ಒಂದು ಮಾದರಿ ಇರಬಹುದೆಂಬ ತಾಳ್ಮೆ ಆ ಹೊತ್ತಿಗೆ ಅವನಲ್ಲಿ ಇರಲಿಲ್ಲ.

ನಮ್ಮ ದೇಶದಲ್ಲಿಯೂ ಇಂತಹುದೊಂದು ನಡೆಯಿತು. ೧೯೫೨ರಲ್ಲಿ ಕೇಂದ್ರದಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತವನ್ನು ಬಲ್ಲವರು. ಅದಕ್ಕೆ ಅವರ ಕಾಲದಲ್ಲಿ ಆಕಾಶವಾಣಿಯಿಂದ ದೊರೆತ ಪೋಷಣೆ ದೊಡ್ಡದು. ಆದರೆ ಚಲನಚಿತ್ರಗೀತೆಗಳ ವಿಷಯದಲ್ಲಿ ಅವರಿಗೆ ಆದರವಿರಲಿಲ್ಲ. ಆಕಾಶವಾಣಿಯಲ್ಲಿ ಅವುಗಳ ಪ್ರಸಾರ ಬಹಳವಾಗಿ ಕುಗ್ಗಿತು. ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. ಕಡೆಗೆ ೧೯೫೭ರಲ್ಲಿ ‘ವಿವಿಧ ಭಾರತಿ’ ಆರಂಭವಾಗಿ ಆ ಗೀತೆಗಳಿಗೆ ಮತ್ತೆ ಸ್ಥಳ ದೊರೆಯಿತು. ಚಿತ್ರಗೀತೆಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಅವುಗಳನ್ನು ಒಂದೊಂದಾಗಿ ತೂಗುವ ಬದಲು ಇಡೀ ಜಾತಿಗೆ ಒಂದೇ ತೀರ್ಪನ್ನು ಕೊಟ್ಟುದೇ ಅಲ್ಲಿ ಆದ ಅನ್ಯಾಯ.

‘ಹಾಗಿದ್ದಲ್ಲಿ ಆಯಾ ಸಂಗೀತವನ್ನು ಪ್ರೀತಿಸುವವರೇ ಅದನ್ನು ವಿಮರ್ಶಿಸಲಿ’ ಎಂದು ಕೆಲವರು ಹೇಳಬಹುದು. ಇದೂ ಸರಿಯಾದ ಪರಿಹಾರವಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬುದು ವಿಮರ್ಶೆಗೂ ಸಲ್ಲುವ ಮಾತು. ಪ್ರೀತಿಸುವವನು ಶ್ರುತಿ ತಪ್ಪಿದ್ದನ್ನೂ ಕ್ಷಮಿಸಿಬಿಡುತ್ತಾನೆ. ಮಾತು ಮುರಿದು ಅರ್ಥ ಕೆಟ್ಟುದನ್ನು ಗಮನಿಸುವುದಿಲ್ಲ. ನೆಚ್ಚಿನ ಗಾಯಕನ ಹೆಸರನ್ನು ಕೇಳಿದೊಡನೆಯೇ ಕೈತಟ್ಟುತ್ತಾನೆ. ಹೊರಗಿನಿಂದ ಬಂದ ಎಚ್ಚರದ ಕಿವಿಗೆ ಇಂತಹ ದೋಷಗಳು ಬೇಗನೆ ಹೊಳೆಯುತ್ತವೆ. ಆದುದರಿಂದ ಒಲವಿಲ್ಲದವನ ವಿಮರ್ಶೆಗೂ ಒಂದು ಪ್ರಯೋಜನವುಂಟು.

ಆದರೂ ಒಂದು ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ರಸಾಸ್ವಾದಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ ಕಾಶ್ಮೀರದ ಅಭಿನವಗುಪ್ತನು, ಕೇಳುಗನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದೂ ಒಂದು ವಿಘ್ನವೆಂದು ಹೇಳಿದ್ದಾನೆ. ನಮ್ಮ ಅಭಿರುಚಿಯ ಹೆಮ್ಮೆಯೂ ಇಂತಹ ವಿಘ್ನವೇ ಆಗಬಲ್ಲುದು. ಒಲವಿಲ್ಲದವನು ಹಾಡು ಕ್ರಮವಾಗಿದೆಯೆ, ಕಸುಬು ಗಟ್ಟಿಯಾಗಿದೆಯೆ ಎಂಬುದನ್ನು ಹೇಳಬಲ್ಲ. ಆದರೆ ಅರಿಸಿನದ ಪದವನ್ನು ಕೇಳಿ ಚಪ್ಪರದ ಮೂಲೆಯಲ್ಲಿ ಕುಳಿತ ತಾಯಿಯ ಕಣ್ಣು ಏಕೆ ತುಂಬುತ್ತದೆ ಎಂಬುದನ್ನು ಅವನು ತಾನಾಗಿ ಹೇಳಲಾರ. ಅಲ್ಲಿ ಅವನು ಬಲ್ಲವರನ್ನು ಕೇಳಬೇಕು. ಕೇಳಲು ಮನಸ್ಸಿಲ್ಲದಿದ್ದರೆ ಲೇಖನಿಯನ್ನು ಕೆಳಗಿಡಬೇಕು.

ಹೀಗೆ ನೋಡಿದರೆ ನ್ಯಾಯವಾದ ವಿಮರ್ಶೆಗೆ ಬೇಕಾದುದು ಒಲವೊಂದೇ ಅಲ್ಲ. ಈ ಹಾಡು ಯಾರಿಗಾಗಿ, ಯಾವ ಸಂದರ್ಭಕ್ಕಾಗಿ ಹುಟ್ಟಿತೆಂಬುದನ್ನು ವಿಮರ್ಶಕನು ಮೊದಲು ತಿಳಿಯಬೇಕು. ಅದೇ ಬಗೆಯ ಒಳ್ಳೆಯ ಹಾಡುಗಳೊಂದಿಗೆ ಅದನ್ನು ಹೋಲಿಸಬೇಕು. ‘ನನಗೆ ಹಿಡಿಸಲಿಲ್ಲ’ ಎಂಬ ಮಾತನ್ನು ‘ಚೆನ್ನಾಗಿರಲಿಲ್ಲ’ ಎಂಬ ಮಾತಿನ ವೇಷದಲ್ಲಿ ಕಳಿಸಬಾರದು. ತನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಓದುಗರಿಗೆ ತೆರೆದು ಹೇಳಿದರೆ, ಅವರು ಅವನ ಮಾತಿಗೆ ತಕ್ಕ ಬೆಲೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ರಸಮಂಜರಿಯ ಅಬ್ಬರ ನನಗೆ ಇಂದಿಗೂ ಒಗ್ಗಿಲ್ಲ. ರುದ್ರಪಟ್ಟಣದ ತಂಬೂರಿಯ ಶ್ರುತಿಗೆ ಅರಳುವಂತೆ ನನ್ನ ಮನಸ್ಸು ಬೇರಾವುದಕ್ಕೂ ಅರಳುವುದಿಲ್ಲ. ಆದರೆ ಆ ಮದುವೆಯ ಬಳಿಕ ನಾನು ತೀರ್ಪುಗಾರನಾಗಿ ಕುಳಿತಾಗಲೆಲ್ಲ, ಅಂಕ ಹಾಕುವ ಮುನ್ನ ಹಾಡಿದ ಮಗುವನ್ನು ಹತ್ತಿರಕ್ಕೆ ಕರೆದು ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದೆ: “ಇದನ್ನು ನಿನಗೆ ಯಾರು ಕಲಿಸಿದರು? ಯಾವಾಗ ಹಾಡುತ್ತಾರೆ?” ಮಕ್ಕಳು ಬಿಡುಗಣ್ಣಿನಿಂದ ಉತ್ತರ ಹೇಳುತ್ತಿದ್ದರು. ಅವರು ಹೇಳಿ ಮುಗಿಸಿದ ಮೇಲೆಯೇ ನಾನು ಷರಾ ಕಲಮನ್ನು ತುಂಬುತ್ತಿದ್ದೆ. ಆ ಎರಡು ಪ್ರಶ್ನೆಗಳನ್ನು ಹೊಳೆನರಸೀಪುರದ ಕಡೆಯ ಆ ಹುಡುಗಿಯನ್ನು ಮಾತ್ರ ನಾನು ಕೇಳಿರಲಿಲ್ಲ.