ಕಾವಿಗೆ ಕೂತ ಹೇಂಟೆಯೂ ಮರಿಗಳ ಸಂರಕ್ಷಣೆಯೂ

ನಾಟಿ ಹೇಂಟೆಯು ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟ ತರುವಾಯ ಗೂಡನ್ನು ಬಿಟ್ಟೇಳದೆ, ಹತ್ತಿರ ಬಂದವರನ್ನು ಕಂಡು ಗರಿಗೆದರಿ ಗುರುಗುಟ್ಟುತ್ತ ಕುಳಿತುಕೊಳ್ಳುವುದು ಗ್ರಾಮವಾಸಿಗಳೆಲ್ಲರೂ ಬಲ್ಲ ಸಂಗತಿ. ಬಿಳಿ ಲೆಗ್‌ಹಾರ್ನ್ ಮುಂತಾದ ಸೀಮೆ ತಳಿಗಳಲ್ಲಿ ಈ ಗುಣವು ಬಹುಮಟ್ಟಿಗೆ ನಷ್ಟವಾಗಿದೆ. ಅವುಗಳ ಮೊಟ್ಟೆಗೆ ಯಂತ್ರದ ಕಾವು ಬೇಕು. ನಾಟಿ ಹೇಂಟೆಗೆ ಒಂದು ಮಂಕರಿ ಸಾಕು. ಹೀಗಿದ್ದರೂ ಹತ್ತು ಮರಿ ಒಡೆದ ಮನೆಯಲ್ಲಿ ಎರಡು ತಿಂಗಳೊಳಗಾಗಿ ಮೂರು ನಾಲ್ಕು ಮಾತ್ರ ಉಳಿಯುವುದುಂಟು. ಇದರಲ್ಲಿ ಹೇಂಟೆಯ ತಪ್ಪು ಅತ್ಯಲ್ಪ.

ಮೊದಲನೆಯ ನಷ್ಟವು ಮೊಟ್ಟೆಗಳನ್ನಾಯುವಾಗಲೇ ಆಗುತ್ತದೆ. ಎರಡು ವಾರಗಳಿಂದ ಅಡಿಗೆಮನೆಯ ಮೂಲೆಯಲ್ಲಿ ಕೂಡಿಟ್ಟ ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಕಾವಿಗಿಡುವುದು ನಮ್ಮಲ್ಲಿ ರೂಢಿ. ಮೊಟ್ಟೆಯು 7 ದಿನಗಳಿಗಿಂತ ಹಳೆಯದಾಗಿರಕೂಡದು; ಬೇಸಗೆಯಲ್ಲಿ ಮೂರು ನಾಲ್ಕು ದಿನವೇ ಹೆಚ್ಚು. ಸೆಕೆಯಲ್ಲಿ ಪಿಂಡವು ಅರೆಬರೆ ಬೆಳೆದು ಅಲ್ಲಿಯೇ ಸಾಯುತ್ತದೆ. ಗುಡುಗಿನಿಂದ ಮೊಟ್ಟೆ ಕೆಡುವುದೆಂದು ಭಾವಿಸಿ ಗೂಡಿನಲ್ಲಿ ಕಬ್ಬಿಣದ ಚೂರನ್ನೂ ಇದ್ದಲನ್ನೂ ಇಡುವವರುಂಟು. ಇಟ್ಟರೆ ಹಾನಿಯಿಲ್ಲ, ಆದರೆ ಮೊಟ್ಟೆಯನ್ನು ಕೆಡಿಸುವುದು ಗುಡುಗಲ್ಲ, ಸೆಕೆ. ತೇವದ ಮರಳಿನ ಮೇಲೆ ಕೂರಿಸಿದ ಮಡಕೆಯಲ್ಲಿ ಚೂಪು ತುದಿ ಕೆಳಗಾಗಿರುವಂತೆ ಮೊಟ್ಟೆಗಳನ್ನಿಟ್ಟರೆ ತಂಪಾಗಿರುತ್ತವೆ. ಅವುಗಳನ್ನು ತೊಳೆಯಕೂಡದು. ಹತ್ತು ಹೇಂಟೆಗೆ ಒಂದು ಹುಂಜವಾದರೂ ಇರತಕ್ಕದ್ದೆಂಬುದನ್ನು ಹೇಳಬೇಕಾಗಿಲ್ಲ.

ಹೇಂಟೆಯನ್ನು ರಾತ್ರಿ ವೇಳೆಯಲ್ಲಿ ಕೂರಿಸುವುದು ಮೇಲು. ಒಂದಕ್ಕೆ 10ರಿಂದ 12 ಮೊಟ್ಟೆಗಳು ಸಾಕು; ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ಮುಂಚಿತವಾಗಿ ಹೇನುಗಳನ್ನು ಪರೀಕ್ಷಿಸಬೇಕು, ಏಕೆಂದರೆ ಹೇನಿನ ಕಾಟವಿದ್ದ ಹಕ್ಕಿಯು ನಡುವೆಯೇ ಕಾವು ಬಿಟ್ಟೇಳುವುದುಂಟು. ದಿನಕ್ಕೊಮ್ಮೆ ಅದು ತಾನಾಗಿ ಎದ್ದು ಹದಿನೈದು ಇಪ್ಪತ್ತು ನಿಮಿಷ ಮೇವು ನೀರಿಗೆ ಹೋಗುವುದು ಸಹಜ, ತಡೆಯಬಾರದು. ಮೊಟ್ಟೆಗಳನ್ನು ತಿರುಗಿಸುವ ಕೆಲಸವನ್ನು ಅದು ನಮಗಿಂತ ಚೆನ್ನಾಗಿ ಬಲ್ಲದು.

ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸುವುದರಲ್ಲಿ ದೊಡ್ಡ ಅನುಕೂಲವಿದೆ. ಏಳನೆಯ ರಾತ್ರಿ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿದರೆ, ಫಲಿತವಾದುದರಲ್ಲಿ ಜೇಡದಂತೆ ಹರಡಿದ ರಕ್ತನಾಳಗಳು ಕಾಣುತ್ತವೆ, ಫಲಿಸದುದು ತಿಳಿಯಾಗಿರುತ್ತದೆ. ಬಂಜೆ ಮೊಟ್ಟೆಗಳನ್ನು ತೆಗೆದ ಮೇಲೆ ಉಳಿದವು ಕಡಮೆಯಾಗಿದ್ದರೆ ಒಂದೇ ಹೇಂಟೆಗೆ ಒಪ್ಪಿಸಿ, ಮತ್ತೊಂದನ್ನು ಬಿಡುಗಡೆ ಮಾಡಬಹುದು. ಹೀಗೆ ಬಿಟ್ಟ ಹಕ್ಕಿಯ ಕಾವನ್ನಿಳಿಸಲು ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಗರಿ ಚುಚ್ಚುವುದು ಕ್ರೂರವೂ ಅನಾವಶ್ಯಕವೂ ಆದ ಪದ್ಧತಿ. ಗಾಳಿಯಾಡುವ ಬುಟ್ಟಿಯಲ್ಲಿ ನೆಲದಿಂದ ಎತ್ತರಕ್ಕೆ ಮೂರು ನಾಲ್ಕು ದಿನ ಇಟ್ಟು ಮೇವು ನೀರು ಕೊಟ್ಟರೆ ಸಾಕು. 18ನೆಯ ದಿನದ ತರುವಾಯ ಗೂಡನ್ನು ಮುಟ್ಟಬಾರದು. 21ನೆಯ ದಿನಕ್ಕೆ ಮರಿಗಳು ಒಡೆಯುತ್ತವೆ.

ಹೊಟ್ಟೆಯೊಳಗುಳಿದ ಭಂಡಾರದ ಸಾರದಿಂದ ಮರಿಯು ಎರಡು ದಿನ ಜೀವಿಸಬಲ್ಲದು, ಆದಕಾರಣ ಅವಸರವಿಲ್ಲ. ಅನಂತರ ರಾಗಿ ನುಚ್ಚು, ಅಕ್ಕಿ ನುಚ್ಚು, ಗೆದ್ದಲು ಇವು ಯೋಗ್ಯವಾದ ಮೇವು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳಿದ್ದರೆ ಮರಿಗಳು ಮುಳುಗಿ ಸಾಯುವುದಿಲ್ಲ. ಆದರೆ ಮರುದಿನವೇ ತಾಯಿಯೊಡನೆ ತಿಪ್ಪೆಗೆ ಬಿಡುವ ವಾಡಿಕೆಯೊಂದನ್ನು ಬಿಡಿಸದೆ ಬೇರೆ ಯಾವ ಸುಧಾರಣೆಯೂ ಫಲಿಸದು. ಹದ್ದು, ಕಾಗೆ, ಬೆಕ್ಕು, ಮುಂಗುಸಿಗಳ ಪಾಲಾಗುವ ಮರಿಗಳು ಬಹುಮಟ್ಟಿಗೆ ಮೊದಲ ಮೂರು ವಾರಗಳವು. ಅಷ್ಟು ಕಾಲ ಹೇಂಟೆಯನ್ನು ಬೋರಲು ಹಾಕಿದ ಬಿದಿರು ಪಂಜರದಲ್ಲಿಟ್ಟರೆ, ಮರಿಗಳು ಸಂದಿನಲ್ಲಿ ಹೊರಬಂದು ಮೇದು, ತಾಯಿ ಕರೆದೊಡನೆ ಒಳಸೇರುವುವು. ಪಂಜರದ ಸ್ಥಳವನ್ನು ದಿನವೂ ಬದಲಾಯಿಸಿದರೆ ರಕ್ತಭೇದಿಯ ಭಯವೂ ಕಡಮೆ.

ಇನ್ನು ಕೊಕ್ಕರೆ ರೋಗ. 1927ರಲ್ಲಿ ಕುಮಾಯೂನಿನ ರಾಣಿಖೇತದಲ್ಲಿ ಕಂಡುಬಂದುದರಿಂದ ಇದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಹಸಿರು ಭೇದಿಯಾಗಿ, ಕತ್ತು ತಿರುಚಿ, ಒಂದು ಮನೆಯಲ್ಲಿ ಮೊದಲಾದುದು ಕೇರಿಯನ್ನೆಲ್ಲ ಬರಿದು ಮಾಡುತ್ತದೆ. ತಲೆದೋರಿದ ಮೇಲೆ ಔಷಧವಿಲ್ಲ. ಐದರಿಂದ ಏಳನೆಯ ದಿನದೊಳಗೆ ಮರಿಯ ಕಣ್ಣಿಗೆ ಲಸಿಕೆಯ ಒಂದು ತೊಟ್ಟು, ಎಂಟನೆಯ ವಾರದಲ್ಲಿ ಚುಚ್ಚುಮದ್ದು, ಇವೇ ರಕ್ಷಣೆ. ತೊಡಕಿರುವುದು ಇಲ್ಲಿ: ಒಂದು ಸೀಸೆಯು ನೂರಾರು ಹಕ್ಕಿಗಳಿಗಾಗುತ್ತದೆ, ಮಂಜುಗಡ್ಡೆಯಲ್ಲಿಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಮರಿಗಳಿರುವ ಬಡ ಹೆಂಗಸು ಇದನ್ನು ತಾನೊಬ್ಬಳೇ ತರಿಸಿಕೊಳ್ಳುವುದೆಂತು? ಗ್ರಾಮದ ಮುಖಂಡರೂ ಜಮೀನುದಾರರೂ ಮುಂದೆ ಬಂದು, ಊರಿನ ಹೇಂಟೆಗಳು ಒಂದೇ ವಾರದಲ್ಲಿ ಕಾವಿಗೆ ಕೂರುವಂತೆ ಏರ್ಪಡಿಸಿ, ಮರಿಗಳೊಡೆಯುವ ದಿನವನ್ನು ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ, ಒಂದು ಬೆಳಗಿನಲ್ಲಿ ಒಂದೇ ಸೀಸೆಯಿಂದ ಊರೆಲ್ಲದರ ಕೆಲಸವೂ ಮುಗಿಯುವುದು.